ಹ್ಯಾರಿಯರ್ ಹಕ್ಕಿ 40 ಮೀಟರಿಗೆ ಬಂದು ತಿರುಗಿ ಹೋಗುತ್ತೆ, ಯಾಕೆ? ಮಧುಗಿರಿ ಕಡೆ, ಮರೆಯಲ್ಲಿ ಕೂತ ಮೂರು ಭಾನುವಾರ

ಬಯಲುಗಣ್ಣು · ಡಿಸೆಂಬರ್ 21, ಭಾನುವಾರ, ರಾತ್ರಿ 8:40

ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಮೂರು ಭಾನುವಾರದ ಹೊಟ್ಟೆಉರಿ ಇದು.

ನಮ್ಮದು ಮಧುಗಿರಿ. ಮೈದನಹಳ್ಳಿ ಬಯಲಿನ ಸುತ್ತಮುತ್ತ ಚಳಿಗಾಲಕ್ಕೆ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳು ಬರೋದು ಇಲ್ಲಿ ಬಹಳ ಜನಕ್ಕೆ ಗೊತ್ತಿರೋ ವಿಷಯ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಯ್ತಲ್ಲ, ಆ 798 ಎಕರೆ. ಅದರೊಳಗೆ ನಾನು ಮರೆ (ಹಕ್ಕಿಗೆ ಕಾಣದ ಹಾಗೆ ಅಡಗಿ ಕೂತು ಫೋಟೋ ತೆಗೆಯೋ ಗೂಡು) ಕಟ್ಟಿಲ್ಲ, ಇಲಾಖೆ ಅನುಮತಿ ಇಲ್ಲದೆ ಕಟ್ಟೋ ಹಾಗೂ ಇಲ್ಲ. ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಹತ್ತನೇ ಕಾಮೆಂಟಿಗೆ ಯಾರಾದ್ರೂ ಬೈತೀರಿ. ನಾನು ಕೂರೋದು ಅಲ್ಲಿಂದ ಸುಮಾರು ದೂರದ ಒಬ್ಬ ರೈತರ ಹೊಲದಲ್ಲಿ. ಒಂದು ಕಡೆ ರಾಗಿ ಕೊಯ್ದ ಕೂಳೆ, ಇನ್ನೊಂದು ಕಡೆ ಕಳ್ಳೆಕಾಯಿ ಕಿತ್ತು ಬಿಟ್ಟಿರೋ ಕೆಂಪು ನೆಲ, ಮಧ್ಯೆ ಉದ್ದಕ್ಕೆ ಹುಲ್ಲು ಬೆಳೆದ ಬದು. ಹ್ಯಾರಿಯರ್ ಬರೋದು ಆ ಬದುವಿನ ಮೇಲೆ.

ಮರೆ ಅಂದ್ರೆ ದೊಡ್ಡದೇನಲ್ಲ. ನಾಲ್ಕು ಗಳ ನೆಟ್ಟು, ಸುತ್ತ ತೆಂಗಿನ ಗರಿ ತಟ್ಟಿ, ಮೇಲೆ ರಾಗಿ ಹುಲ್ಲು. ಹೊಲದ ಯಜಮಾನರೇ ಎರಡು ಸಂಜೆ ಕೂತು ಕಟ್ಟಿಕೊಟ್ಟರು. ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ್ರು. "ಅಷ್ಟುದ್ದ ಕ್ಯಾಮೆರಾ ಇಟ್ಕೊಂಡಿದ್ದೀಯಲ್ಲ, ನಮ್ಮ ಮೊಮ್ಮಗಳದೊಂದು ಚೆನ್ನಾಗಿರೋ ಫೋಟೋ ತೆಗೆದುಕೊಡು ಸಾಕು" ಅಂದ್ರು. ಒಪ್ಕೊಂಡೆ.

ಈಗ ವಿಷಯಕ್ಕೆ ಬರ್ತೀನಿ. ಗಂಡು ಪ್ಯಾಲಿಡ್ ಹ್ಯಾರಿಯರ್ ಒಂದಿದೆ. ಬೂದಿ ಬಳಿದ ಹಾಗಿರೋ ಬಿಳುಪು, ರೆಕ್ಕೆ ತುದಿಯಲ್ಲಿ ಕಪ್ಪು ಬೆಣೆ ಬಡಿದ ಹಾಗೆ ಒಂದು ಗುರುತು. ಬೆಳಿಗ್ಗೆ ಏಳರ ಹೊತ್ತಿಗೆ ಪಡುವಲ ಕಡೆಯಿಂದ ಬದು ಹಿಡಿದು ಬರುತ್ತೆ, ನೆಲದಿಂದ ಮೊಳ ಎರಡು ಮೊಳ ಎತ್ತರದಲ್ಲಿ, ಏನೋ ಕಳ್ಕೊಂಡವರು ಹುಡುಕೋ ಹಾಗೆ. ನೇರ ನನ್ನ ಕಡೆಗೇ. ಒಂದು ಜಾಲಿ ಗಿಡ ಇದೆ, ಮರೆಯಿಂದ 40 ಮೀಟರ್ (ಹೆಜ್ಜೆ ಎಣಿಸಿದ್ದೀನಿ). ಅಲ್ಲಿಗೆ ಬಂದ ತಕ್ಷಣ ಎಡ ರೆಕ್ಕೆ ಎತ್ತಿ ಹಾಗೇ ಹೊರಳಿ ಕಳ್ಳೆಕಾಯಿ ಹೊಲದ ಮೇಲೆ ಹೊರಟುಹೋಗುತ್ತೆ. ಡಿಸೆಂಬರ್ 7ಕ್ಕೂ ಅಷ್ಟೇ, ಇವತ್ತೂ ಅಷ್ಟೇ. 14ನೇ ತಾರೀಕು ಮಾತ್ರ 25 ಮೀಟರ್ ತನಕ ಬಂತು. ಆವತ್ತು ಮೋಡ ಕವಿದು ಐಎಸ್ಒ (ಬೆಳಕಿಗೆ ಸೆನ್ಸರಿನ ಚುರುಕು) 6400ಕ್ಕೆ ಹೋಗಿ ಫೋಟೋ ಎಲ್ಲ ರಾಗಿ ಹಿಟ್ಟು ಚೆಲ್ಲಿದ ಹಾಗಿದೆ.

ನನ್ನ ಹತ್ರ ಇರೋದು ಕ್ರಾಪ್ ಸೆನ್ಸರ್ ಬಾಡಿ (ಒಳಗಿನ ಸೆನ್ಸರ್ ಚಿಕ್ಕದಿರೋ ಕ್ಯಾಮೆರಾ), 150-600 ಮಿ.ಮೀ. ಜೂಮ್ ಲೆನ್ಸ್. 600ರಲ್ಲೇ ಇಟ್ಕೊಂಡು ಕೂತಿರ್ತೀನಿ.

ಎರಡು ಪ್ರಶ್ನೆ. ಒಂದು, ತಪ್ಪು ಎಲ್ಲಾಗ್ತಿದೆ? ಎರಡು, ಸಂಜೆ ಇವು ಹುಲ್ಲಲ್ಲಿ ಮಲಗೋ ಜಾಗ ನನಗೆ ಗೊತ್ತಾಗಿದೆ. ಅಲ್ಲೇ ಹತ್ತಿರ ಇನ್ನೊಂದು ಮರೆ ಹಾಕಿದ್ರೆ ಹೇಗೆ?

---

ಫ್ರೇಮ್ ಬ್ರೋ · ಡಿಸೆಂಬರ್ 21, ರಾತ್ರಿ 9:02

ಬ್ರೋ ಇಷ್ಟೆಲ್ಲಾ ಯಾಕೆ. ಜಾಲಿ ಗಿಡದ ಈಚೆ ಒಂದು ಕೋಳಿಮರಿ ಕಾಲಿಗೆ ದಾರ ಕಟ್ಟಿ ಬಿಡಿ. ತಾನಾಗೇ ಬರುತ್ತೆ. ಒಂದು ಕಡೆ ದುಡ್ಡು ಕೊಟ್ಟು ಕೂತಿದ್ದೆ, ಅಲ್ಲಿ ಹಾಗೇ ಮಾಡ್ತಾರೆ, ಫ್ರೇಮ್ ತುಂಬ ಹಕ್ಕಿ ಸಿಕ್ತು.

---

ಹಳೇ ದುರ್ಬೀನು · ಡಿಸೆಂಬರ್ 21, ರಾತ್ರಿ 9:47

ಫ್ರೇಮ್ ಬ್ರೋ, ಆ ಫೋಟೋ ನಾನೂ ನೋಡಿದ್ದೀನಿ. ಹಕ್ಕಿಯ ಕಾಲ ಹತ್ತಿರ ಬಿಳಿ ದಾರ ಕಾಣುತ್ತೆ, ನೀವು ಅಳಿಸೋಕೆ ಮರೆತಿದ್ದೀರಿ. ಜೀವಂತ ಮರಿಯನ್ನು ಕಟ್ಟಿಹಾಕಿ ತಿನ್ನಿಸೋದನ್ನ ಫೋಟೋಗ್ರಫಿ ಅನ್ನೋಕೆ ನನಗಂತೂ ಬಾಯಿ ಬರಲ್ಲ. 1972ರ ವನ್ಯಜೀವಿ ಕಾಯ್ದೆ ಈ ಹಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ ಅನ್ನೋದೂ ನೆನಪಿರಲಿ. ಕಾಯ್ದೆ ಪಕ್ಕಕ್ಕಿಟ್ಟರೂ, ದಾರಕ್ಕೆ ಕಾಲು ಸಿಕ್ಕಿಕೊಂಡರೆ ಬಿಡಿಸೋರು ಯಾರು? ಮನುಷ್ಯ ಕೂತ ಕಡೆ ಊಟ ಸಿಗುತ್ತೆ ಅಂತ ಕಲಿತ ಹಕ್ಕಿ ನಾಳೆ ಕವಣೆ ಹಿಡಿದವನ ಹತ್ರಾನೂ ಹೋಗುತ್ತೆ.

ಬಯಲುಗಣ್ಣು ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಮೊದಲು. ಬೇಡ. ಅರ್ಧ ಮಾತೂ ಬೇಡ.

ಹದ್ದು, ಗಿಡುಗ ಮರದ ಮೇಲೆ ಮಲಗುತ್ತವೆ. ಹ್ಯಾರಿಯರ್ ಹಾಗಲ್ಲ, ನೆಲದಲ್ಲಿ, ಹುಲ್ಲೊಳಗೆ, ಒಂದಷ್ಟು ಒಟ್ಟಿಗೆ. ಕಜಾಕಿಸ್ತಾನ, ರಷ್ಯಾದ ಹುಲ್ಲುಗಾವಲಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು ನಮ್ಮ ಬಾದೆಹುಲ್ಲಲ್ಲಿ ಮಲಗೋ ಜೀವ. ಕತ್ತಲಾಗೋ ಹೊತ್ತಲ್ಲಿ ಎಬ್ಬಿಸಿದ್ರೆ ಗೊತ್ತಿಲ್ಲದ ಜಾಗದಲ್ಲಿ ಇಳೀಬೇಕು. ಅಲ್ಲಿ ನಾಯಿ, ನರಿ ಕಾದಿರುತ್ತೆ. ಪ್ಯಾಲಿಡ್ ಮೊದಲೇ ಅಪಾಯದ ಅಂಚಿಗೆ ಬಂದಿರೋ ಪಟ್ಟಿಯಲ್ಲಿದೆ. ನೋಡಲೇಬೇಕು ಅಂದ್ರೆ ಮುನ್ನೂರು ನಾನೂರು ಮೀಟರ್ ಆಚೆ ಕೆರೆ ಏರಿ ಮೇಲೋ ದಾರಿ ಮೇಲೋ ದುರ್ಬೀನು ಹಿಡಿದು ಕೂತ್ಕೊಳ್ಳಿ. ಸೂರ್ಯ ಮುಳುಗೋಕೆ ಅರ್ಧ ಗಂಟೆ ಮುಂಚೆ ಶುರು ಮಾಡಿ ಎಣಿಸಿ, ಬರೆದಿಡಿ. ಪೂರ್ತಿ ಕತ್ತಲಾದ ಮೇಲೆ ಎದ್ದು ಬನ್ನಿ. ಜಾಗ ಯಾರಿಗೂ ಹೇಳಬೇಡಿ, ನನಗೂ.

ಇನ್ನು ಮೊದಲನೇ ಪ್ರಶ್ನೆ. ನೀವು ಕೂತಿರೋ ಜಾಗದ ಲೆಕ್ಕ ಸರಿಯಾಗೇ ಇದೆ. ಬಹುಶಃ ಗೊತ್ತಿಲ್ಲದೇ ಸರಿ ಮಾಡಿದ್ದೀರಿ. ಈ ಕಾಲದಲ್ಲಿ ನಮ್ಮ ಕಡೆ ಮೂಡಗಾಳಿ. ಹ್ಯಾರಿಯರ್ ನಿಧಾನಕ್ಕೆ ತೇಲಬೇಕು ಅಂದ್ರೆ ಗಾಳಿಗೆ ಎದುರು ಹಾರಬೇಕು. ಅಂದ್ರೆ ಬೆಳಿಗ್ಗೆ ಅದರ ಮುಖ ಮೂಡಲಿಗೆ, ಸೂರ್ಯನ ಕಡೆಗೇ. ನೀವು ಮೂಡಲಲ್ಲಿ ಬೆನ್ನು ಕೊಟ್ಟು ಕೂತ್ರೆ ಹಕ್ಕಿ ಎದುರಿಗೆ ಬರುತ್ತೆ, ಬೆಳಕು ಅದರ ಮುಖದ ಮೇಲೇ ಬೀಳುತ್ತೆ. ಸಂಜೆ ಸೂರ್ಯ ಪಡುವಲಿಗೆ ಹೋಗ್ತಾನೆ, ಗಾಳಿ ಮಾತ್ರ ಮೂಡಲದ್ದೇ. ಆಗ ನಿಮಗೆ ಸಿಗೋದು ಬರೀ ಬಾಲ. ಅದಕ್ಕೇ ಸಂಜೆ ಫೋಟೋಗೆ ಆಸೆ ಪಡೋದೇ ದಂಡ.

ಹಾಗಾದ್ರೆ 40 ಮೀಟರಲ್ಲಿ ಯಾಕೆ ತಿರುಗುತ್ತೆ? ನನಗನ್ನಿಸೋದು ಶಟರ್ ಸದ್ದು. ಹ್ಯಾರಿಯರ್ ಮುಖ ನೋಡಿ, ಗೂಬೆ ಮುಖದ ಹಾಗೆ ತಟ್ಟೆ. ಹುಲ್ಲೊಳಗೆ ಇಲಿ ಸರಿದಾಡೋದನ್ನ ಕಿವಿಯಲ್ಲೇ ಹಿಡಿಯುತ್ತೆ.

---

ಕೆರೆದಂಡೆ · ಡಿಸೆಂಬರ್ 22, ಬೆಳಿಗ್ಗೆ 6:15

ಕೋಲಾರದಿಂದ. ದುರ್ಬೀನು ಮೇಷ್ಟ್ರು ಹೇಳಿದ್ದು ಗಾಳಿ ಬೆಳಕಿನ ವಿಷಯದಲ್ಲಿ ಸರಿ, ಶಟರ್ ವಿಷಯದಲ್ಲಿ ನನಗೆ ಅನುಮಾನ. ಬಯಲುಗಣ್ಣು, ಇಷ್ಟಕ್ಕೆ ಉತ್ತರ ಹೇಳಿ:

ಅದು ತಿರುಗೋದು ನೀವು ಶಟರ್ ಒತ್ತಿದ ಮೇಲೋ, ಒತ್ತೋಕೆ ಮುಂಚೆಯೋ? ಎಷ್ಟು ಹೊತ್ತಿಗೆ ಒಳಗೆ ಹೋಗ್ತೀರಿ? ಒಬ್ಬರೇ ಹೋಗ್ತೀರಾ? ಹಿಂದಿನ ತಟ್ಟಿ, ಅಂದ್ರೆ ನಿಮ್ಮ ಬೆನ್ನ ಹಿಂದಿರೋದು, ಎಷ್ಟು ದಪ್ಪ?

ಮೋಡದ ದಿನ ಹತ್ತಿರ ಬಂತು ಅಂದ್ರಲ್ಲ, ಅಲ್ಲೇ ಏನೋ ಇದೆ.

---

ಬಯಲುಗಣ್ಣು · ಡಿಸೆಂಬರ್ 22, ಮಧ್ಯಾಹ್ನ 1:30

ಮೇಷ್ಟ್ರೇ, ರಾತ್ರಿ ಮಲಗೋ ಜಾಗದ ಯೋಚನೆ ಕೈಬಿಟ್ಟೆ. ನಾಯಿ ನರಿ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಕೆರೆದಂಡೆ ಮೇಡಂ, ಒತ್ತೋಕೆ ಮುಂಚೆ. 30 ಮೀಟರಿಗೆ ಬರಲಿ ಅಂತ ಕಾಯ್ತಿದ್ದೆ, ಅದಕ್ಕೇ ಕೈ ತಪ್ಪಿದ್ದು. ಮೋಡದ ದಿನ ಒಂದೇ ಸಮ ಒತ್ತಿದ್ದೀನಿ, ಇಪ್ಪತ್ತು ಇಪ್ಪತ್ತೈದು ಫ್ರೇಮ್, ಅದು ತಲೆ ಕೂಡ ಎತ್ತಲಿಲ್ಲ. ಒಳಗೆ ಹೋಗೋದು ಐದೂಮುಕ್ಕಾಲಿಗೆ, ಪೂರ್ತಿ ಕತ್ತಲಲ್ಲಿ. ಸೂರ್ಯ ಹುಟ್ಟೋದು ಈಗ ಆರೂಮುಕ್ಕಾಲರ ಹತ್ತಿರ. ಒಬ್ಬನೇ. ಹಿಂದಿನ ತಟ್ಟಿ ಒಂದೇ ಪದರ, ಬಾಗಿಲೂ ಅದರಲ್ಲೇ.

---

ಕೆರೆದಂಡೆ · ಡಿಸೆಂಬರ್ 22, ರಾತ್ರಿ 10:05

ಸಿಕ್ತು.

ನೀವು ಕೂತಿರೋದು ಸೂರ್ಯನಿಗೆ ಬೆನ್ನು ಕೊಟ್ಟು. ಏಳು ಗಂಟೆಗೆ ಸೂರ್ಯ ಇನ್ನೂ ನೆಲದ ಮಟ್ಟದಲ್ಲೇ, ಸರಿಯಾಗಿ ನಿಮ್ಮ ಬೆನ್ನ ಹಿಂದೆ. ಒಂದೇ ಪದರದ ಗರಿ ತಟ್ಟಿ ಅಂದ್ರೆ ಜರಡಿ. ಬೆಳಕು ಹಿಂದಿಂದ ಒಳಗೆ ಸೋರಿ ನಿಮ್ಮ ಮುಂದಿನ ಕಿಂಡಿಯಲ್ಲಿ ಹೊರಗೆ ಕಾಣುತ್ತೆ. ನೀವು ಅಲ್ಲಾಡದೆ ಕೂತಿದ್ರೆ ಸರಿ, ಹಕ್ಕಿಗೆ ಅದು ಬರೀ ತೂತು ಬಿದ್ದ ಹುಲ್ಲಿನ ಬಣವೆ. ಹಕ್ಕಿ ಹತ್ತಿರ ಬಂತು ಅಂತ ಕಣ್ಣು ವ್ಯೂಫೈಂಡರಿಗೆ ಇಟ್ಟ ತಕ್ಷಣ ಆ ಬೆಳಕು ಆರಿ ಹತ್ತುತ್ತೆ, ಯಾರೋ ದೀಪದ ಮುಂದೆ ಹಾದು ಹೋದ ಹಾಗೆ. 40 ಮೀಟರ್ ಅಂದ್ರೆ ಅದು ನೋಡೋ ದೂರ ಅಲ್ಲ, ನೀವು ಅಲ್ಲಾಡೋ ದೂರ. ಮೋಡ ಇದ್ದ ದಿನ ಸೋರೋಕೆ ಬೆಳಕೇ ಇರಲಿಲ್ಲ, ಅದಕ್ಕೇ ಹತ್ತಿರ ಬಂತು.

ನಾನು ಇದನ್ನ ಕಲಿತಿದ್ದು ಒಂದು ಇಡೀ ಚಳಿಗಾಲ ಹಾಳು ಮಾಡ್ಕೊಂಡು. ನಮ್ಮ ಕಡೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಶುದ್ಧಿ ಮಾಡಿ ಬಿಡೋದು) 2018ರಲ್ಲಿ ಬರೋಕೆ ಮುಂಚೆ ಕೆರೆಗಳು ಬರೀ ಜಾಲಿ ಕಾಡಾಗಿದ್ವು. ಆಮೇಲೆ ಜೊಂಡು ಎದ್ದು ಮಾರ್ಷ್ ಹ್ಯಾರಿಯರ್, ಮೀನು ಹಿಡಿಯೋ ಆಸ್‌ಪ್ರೆ ಕಾಣಿಸ್ತಿವೆ (ನೀರಿನ ಗುಣದ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಚರ್ಚೆ ಇದೆ). ಜೊಂಡಿನ ಪಕ್ಕ ಮರೆ ಕಟ್ಟಿ ನಾಲ್ಕು ತಿಂಗಳು ಕೂತೆ. ಒಂದು ದಿನ ನನ್ನ ಯಜಮಾನರನ್ನ ಒಳಗೆ ಕೂರಿಸಿ ನಾನು ಹಕ್ಕಿ ಬರೋ ಕಡೆಯಿಂದ ನಡ್ಕೊಂಡು ಬಂದೆ. ಅವರು ಮೂಗು ಕೆರೆದುಕೊಂಡಿದ್ದೂ ನನಗೆ ಕಾಣ್ತು.

ಹಿಂದಿನ ಗೋಡೆಗೆ ಬೆಳಕು ತೂರದ ಹಾಗೆ ದಪ್ಪ ಏನಾದ್ರೂ ಹಾಕಿ. ಕಪ್ಪು ಅಂಗಿ ಹಾಕ್ಕೊಳ್ಳಿ, ಮುಖಕ್ಕೆ ಬಟ್ಟೆ ಸುತ್ತಿಕೊಳ್ಳಿ. ಲೆನ್ಸ್ ಸುತ್ತ ಕಿಂಡಿಗೆ ಹಳೇ ಸಾಕ್ಸ್ ತೋಳಿನ ಹಾಗೆ ಹೊಲೀರಿ. ವಾರವೆಲ್ಲ ಲೆನ್ಸ್ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಪಿವಿಸಿ ಪೈಪ್ ತುಂಡು ಚಾಚಿಸಿ ಇಡಿ, ಭಾನುವಾರ ಅಲ್ಲಿ ಲೆನ್ಸ್ ಬಂದ್ರೆ ಹಕ್ಕಿಗೆ ಹೊಸತು ಅನ್ನಿಸಲ್ಲ. ಸೂರ್ಯ ಹುಟ್ಟಿದ ಮೇಲೆ ಒಳಗೆ ಹೋಗೋ ಪ್ರಸಂಗ ಬಂದ್ರೆ ಇಬ್ಬರು ಹೋಗಿ, ಒಬ್ಬರು ವಾಪಸ್ ನಡೀರಿ. ಹಕ್ಕಿಗೆ ಎಣಿಸೋಕೆ ಬರಲ್ಲ ಅಂತ ಹಳಬರ ನಂಬಿಕೆ, ನನ್ನ ಅನುಭವದಲ್ಲಿ ಕಾಗೆಗೆ ಬರುತ್ತೆ, ಹ್ಯಾರಿಯರ್‌ಗೆ ಬರಲ್ಲ.

---

ಕುರಿಹಟ್ಟಿ · ಡಿಸೆಂಬರ್ 23, ಬೆಳಿಗ್ಗೆ 7:20

ಅಣ್ಣ ದಪ್ಪದ್ದು ಅಂತ ಹುಡ್ಕೋದ್ ಯಾಕೆ, ಕರೀ ಕಂಬ್ಳಿ ಹಾಕಣ್ಣ. ಅದ್ರಾಗೆ ಸೂಜಿ ಮೊನೆಯಷ್ಟ್ ಬೆಳ್ಕೂ ಬರಕಿಲ್ಲ. ನಾವು ಕುರಿ ಹಿಂದೆ ಕಂಬ್ಳಿ ಹೊದ್ಕಂಡು ಬದಿನ್ ಮ್ಯಾಲೆ ಕುಂತಿದ್ರೆ ಡೇಗೆ ತಲೆ ಮ್ಯಾಲೇ ಹೋಯ್ತದೆ, ಕಲ್ಲು ಅನ್ಕಂಡು. ಪುಸ್ತಕ್ದಾಗೆ ನಿಮ್ ಹ್ಯಾರಿಯರ್‌ಗೆ ಸೆಳೆವ ಅಂತ ಬರ್ದವ್ರಂತೆ, ನಮ್ ಕಡೆ ಎಲ್ಲಾ ಡೇಗೇನೆ.

ಇನ್ನೊಂದ್ ಮಾತು. ಫೋಟೋದವ್ರು ಕಾರ್ ನಿಲ್ಸೋ ಕಡೆ ಬಿರಿಯಾನಿ ಪೊಟ್ಟಣ ಎಸೀತಾರೆ. ಅದುಕ್ಕೆ ನಾಯಿ ಸೇರ್ಕಂತವೆ. ಆ ನಾಯಿ ರಾತ್ರಿ ಹುಲ್ಲಾಗೆ ಸುತ್ತಾಡ್ತವೆ. ನಮ್ ಮರಿನೂ ಬಿಡಕಿಲ್ಲ, ನಿಮ್ ಡೇಗೆನೂ ಬಿಡಕಿಲ್ಲ. ಮೇಷ್ಟ್ರು ನರಿ ಅಂದ್ರಲ್ಲ, ನರಿ ಎಲ್ಲವೆ ಈಗ? ಇರೋದೆಲ್ಲ ನಾಯೇ.

---

ಬಿಸಿಲುಸೀಮೆ · ಡಿಸೆಂಬರ್ 23, ಬೆಳಿಗ್ಗೆ 11:48

ಪಾವಗಡದವನು. ಸ್ವಲ್ಪ ವಿಷಯಾಂತರ. ತಿರುಮಣಿ ಕಡೆ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಕರೆಂಟ್ ಬೇಕು, ಗುತ್ತಿಗೆ ದುಡ್ಡು ನಮ್ಮ ಜನಕ್ಕೂ ಆಸರೆ ಆಗಿದೆ, ನಾನು ವಿರೋಧಿ ಅಲ್ಲ. ಆದ್ರೆ ಹುಲ್ಲು ಬೆಳೆದಿರೋ ನೆಲ ಕಂಡ್ರೆ ಕಾಗದದಲ್ಲಿ "ಪಾಳು ಭೂಮಿ" ಅಂತ ಬರೆಯೋದು ನಿಲ್ಲಬೇಕು. ಆ ಪಾಳಿನಲ್ಲೇ ಅಲ್ವಾ ನೀವೆಲ್ಲ ಕಿಂಡಿಯಲ್ಲಿ ಕಣ್ಣಿಟ್ಟು ಕೂತಿರೋದು? ಒಂದು ಕಾಲಕ್ಕೆ ಹುಲ್ಲುಗಾವಲು ಅಂದ್ರೆ ನೀಲಗಿರಿ ನೆಡೋ ಜಾಗ ಅಂತಿತ್ತು. ಈಗ ಗಾಜು ನೆಡ್ತಾರೆ.

---

ಫ್ರೇಮ್ ಬ್ರೋ · ಡಿಸೆಂಬರ್ 23, ಸಂಜೆ 6:30

ದಾರದ ವಿಷಯ ಒಪ್ಕೋತೀನಿ. ಫೋಟೋ ತೆಗೆದುಹಾಕಿದೆ. ಆದ್ರೆ ಎಲ್ಲರೂ ನನ್ನ ಮೇಲೇ ಬೀಳಬೇಡಿ, ದುಡ್ಡು ತಗೊಂಡು ಕೂರಿಸೋರಿಗೂ ಹೇಳಿ. ಆವತ್ತು ನನ್ನ ಪಕ್ಕ ಕೂತಿದ್ದ ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ.

ಸೆಟಿಂಗ್ ವಿಷಯ ಒಂದು ಹೇಳಲಾ, ಅಷ್ಟಾದ್ರೂ ಉಪಯೋಗಕ್ಕೆ ಬರ್ಲಿ. ಬಿಳಿ ಗಂಡು, ಹಿಂದೆ ಕೆಂಪು ಮಣ್ಣು ಅಂದ್ರೆ ಕ್ಯಾಮೆರಾ ಮೀಟರ್ ಮೋಸ ಹೋಗುತ್ತೆ, ಹಕ್ಕಿ ಸುಣ್ಣದ ಉಂಡೆ ಆಗುತ್ತೆ. ಎಕ್ಸ್‌ಪೋಷರ್ ಮೈನಸ್ ಮುಕ್ಕಾಲು ಸ್ಟಾಪ್ ಇಡಿ, ಅಂದ್ರೆ ಫೋಟೋ ಅಷ್ಟು ಕಪ್ಪಗೆ ಬರೋ ಹಾಗೆ. ಅದೇ ಹಕ್ಕಿ ಆಕಾಶಕ್ಕೆ ಎದ್ದರೆ ಪ್ಲಸ್ ಒಂದು. ಶಟರ್ ಸ್ಪೀಡ್ 1/2000 ಸೆಕೆಂಡಿಗಿಂತ ಇಳಿಸಬೇಡಿ, ನಿಧಾನ ಹಾರುತ್ತೆ ಅನ್ಸುತ್ತೆ, ಹೊರಳೋದು ಮಾತ್ರ ಕಣ್ಣುಮುಚ್ಚಿ ತೆಗೆಯೋದ್ರೊಳಗೆ. ಒಂಬತ್ತೂವರೆ ಆದ್ಮೇಲೆ ಕೂರಬೇಡಿ, ನೆಲದ ಬಿಸಿಗೆ ಗಾಳಿ ಕುಣಿಯುತ್ತೆ, ಎಂಥ ಲೆನ್ಸ್ ಇದ್ರೂ ನೀರೊಳಗೆ ತೆಗೆದ ಹಾಗೆ ಬರುತ್ತೆ.

---

ಹಳೇ ದುರ್ಬೀನು · ಡಿಸೆಂಬರ್ 23, ರಾತ್ರಿ 8:15

ಫ್ರೇಮ್ ಬ್ರೋ, ತೆಗೆದುಹಾಕಿದ್ದು ಒಳ್ಳೇದಾಯ್ತು. ಮೈನಸ್ ಮುಕ್ಕಾಲು ಸರಿಯಾದ ಮಾತು.

ಶಟರ್ ಅಂದಿದ್ದು ನನ್ನ ತಪ್ಪು. ಕೆರೆದಂಡೆ ಗೆದ್ದರು.

---

ಬಯಲುಗಣ್ಣು · ಡಿಸೆಂಬರ್ 28, ಭಾನುವಾರ, ಮಧ್ಯಾಹ್ನ 12:10

ಕಂಬಳಿ ಕೆಲಸ ಮಾಡ್ತು! ಹಿಂದೆ ಎರಡು ಕರಿ ಕಂಬಳಿ ಇಳಿಬಿಟ್ಟೆ, ಯಜಮಾನರದ್ದೇ. ಕುರಿ ವಾಸನೆ ಇನ್ನೂ ನನ್ನ ಅಂಗಿಯಲ್ಲಿದೆ, ಮನೆಯವಳು ಸ್ನಾನ ಮಾಡದೆ ಅಡಿಗೆ ಮನೆಗೆ ಬಿಡ್ತಿಲ್ಲ.

7:12ಕ್ಕೆ ಬಂತು. ಜಾಲಿ ಗಿಡ ದಾಟ್ತು. ದಾಟಿದ್ದು ನೋಡಿ ನನ್ನ ಎದೆ ಬಡಿತ ಅದಕ್ಕೆ ಕೇಳಿಸೀತೇನೋ ಅಂತ ಭಯ ಆಯ್ತು. ಬದುವಿನ ಒಂದು ಕಡೆ ಕಾಲು ಇಳಿಬಿಟ್ಟು ಗಾಳಿಯಲ್ಲಿ ನಿಂತುಬಿಡ್ತು, ಹಳದಿ ಕಾಲು, ಉದ್ದ. ಧೊಪ್ಪನೆ ಬಿತ್ತು ಹುಲ್ಲೊಳಗೆ. ಎದ್ದಾಗ ಉಗುರಲ್ಲಿ ಮಿಡತೆ, ಹಸಿರು ಅಲ್ಲ, ಒಣ ಹುಲ್ಲಿನ ಬಣ್ಣದ್ದು. ಹಾರ್ತಾ ಹಾರ್ತಾನೇ ಕಾಲು ಮುಂದಕ್ಕೆ ತಂದು ಬಾಯಿಗೆ ಹಾಕ್ಕೊಂಡು ಮತ್ತೆ ನನ್ನ ಕಡೆಗೇ ಬಂತು. 18 ಮೀಟರ್!

ಒತ್ತಿದೆ. ಬಂದಿದ್ದು ಏನು ಗೊತ್ತಾ? ತಲೆ ಇದೆ, ಎದೆ ಇದೆ, ಹಳದಿ ಕಣ್ಣು ಪಳಪಳ ಅಂತಿದೆ. ಎರಡೂ ರೆಕ್ಕೆ ಕತ್ತರಿಸಿ ಹೋಗಿದೆ. ಎಲ್ಲ ಫ್ರೇಮಲ್ಲೂ.

---

ಕೆರೆದಂಡೆ · ಡಿಸೆಂಬರ್ 28, ಮಧ್ಯಾಹ್ನ 12:55

ಅಯ್ಯೋ, 600ರಲ್ಲೇ ಇತ್ತಾ? ಲೆಕ್ಕ ಹಾಕಿ. ನಿಮ್ಮ ಸೆನ್ಸರ್ ಅಗಲ 22 ಮಿಲಿಮೀಟರ್ ಚಿಲ್ಲರೆ. 600ರಲ್ಲಿ, 18 ಮೀಟರ್ ದೂರದಲ್ಲಿ ಫ್ರೇಮಿಗೆ ಹಿಡಿಯೋದು 67 ಸೆಂಟಿಮೀಟರ್ ಅಗಲ. ಹಕ್ಕಿಯ ರೆಕ್ಕೆ ತುದಿಯಿಂದ ತುದಿಗೆ ಸುಮಾರು ಒಂದು ಮೀಟರ್ ಇರುತ್ತೆ. ಹೇಗೆ ಹಿಡಿಯುತ್ತೆ? ಅದೇ 40 ಮೀಟರಲ್ಲಿ ಒಂದೂವರೆ ಮೀಟರ್ ಅಗಲ ಹಿಡಿಯುತ್ತೆ, ಹಕ್ಕಿ ಅಚ್ಚುಕಟ್ಟಾಗಿ ಕೂರುತ್ತೆ. ಅಂದ್ರೆ ನಿಮ್ಮ ಫೋಟೋ ಇದ್ದಿದ್ದು ಆ ಜಾಲಿ ಗಿಡದ ಹತ್ರಾನೇ. ಹಕ್ಕಿ ಗಿಡ ದಾಟೋ ಹೊತ್ತಿಗೆ ಒತ್ತೋಕೆ ಶುರು ಮಾಡಿ, ಈಚೆ ಬಂದ್ರೆ 300ಕ್ಕೆ ಇಳಿಸಿ.

---

ಗರಿಲೆಕ್ಕ · ಡಿಸೆಂಬರ್ 29, ರಾತ್ರಿ 9:30

ರೆಕ್ಕೆ ಕತ್ತರಿಸಿದ ಫೋಟೋ ಅಳಿಸಬೇಡಿ, ಆ ಕಣ್ಣಿಗೋಸ್ಕರವಾದ್ರೂ.

ನೀವು ಜೊತೆಗೆ ಹಾಕಿರೋ ನಾಲ್ಕನೇ ಚಿತ್ರ, "ಹೆಣ್ಣು ಪ್ಯಾಲಿಡ್" ಅಂತ ಬರೆದಿದ್ದೀರಲ್ಲ, ಅದರ ಬಗ್ಗೆ. ಎದೆ ಹೊಟ್ಟೆ ಗೀರಿಲ್ಲದ ಇಟ್ಟಿಗೆ ಬಣ್ಣ, ಅಂದ್ರೆ ದೊಡ್ಡ ಹೆಣ್ಣಲ್ಲ, ಈ ವರ್ಷದ ಮರಿ. ಇನ್ನು ಪ್ಯಾಲಿಡ್ ಮರಿ ಆಗಿದ್ರೆ ಕೆನ್ನೆ ಹಿಂದೆ ಬೆಳ್ಳನೆ ಪಟ್ಟಿ ಕೊರಳಿಗೆ ಕಾಲರ್ ಹಾಕಿದ ಹಾಗೆ ಸುತ್ತಿರಬೇಕು, ಅದರ ಹಿಂದೆ ಕತ್ತಿನ ಪಕ್ಕ ಕಡು ಕಂದು ಇರಬೇಕು. ನಿಮ್ಮದರಲ್ಲಿ ಕಾಲರ್ ಇಲ್ಲ, ಕಣ್ಣ ಸುತ್ತ ಬಿಳುಪು ಜಾಸ್ತಿ. ರೆಕ್ಕೆ ಅಡಿಯಲ್ಲಿ ಬೆರಳುಗರಿಗಳ ತುದಿ ಎಲ್ಲ ಕಪ್ಪು. ಇದು ಮಾಂಟೆಗು ಹ್ಯಾರಿಯರ್ ಮರಿ ಅನ್ನೋದು ನನ್ನ ಲೆಕ್ಕ. ಒಂದೇ ಬದುವಿನ ಮೇಲೆ ಎರಡು ಜಾತಿ, ಪುಣ್ಯವಂತರು ನೀವು.

ಅಪ್‌ಲೋಡ್ ಮಾಡುವಾಗ ಫೈಲಿನೊಳಗಿನ ಜಿಪಿಎಸ್ ಅಳಿಸಿ. ಎರಡನೇ ಚಿತ್ರದಲ್ಲಿ ಇನ್ನೂ ಇದೆ. ಮೇಷ್ಟ್ರಿಗೂ ಹೇಳಬೇಡಿ ಅಂದ ಜಾಗವನ್ನ ನಿಮ್ಮ ಫೋನೇ ಊರಿಗೆಲ್ಲ ಸಾರುತ್ತಿದೆ.

---

ಬಯಲುಗಣ್ಣು · ಡಿಸೆಂಬರ್ 29, ರಾತ್ರಿ 9:41

ತೆಗೆದೆ. ಮೈ ಬೆವೆತು ಹೋಯ್ತು.

---

ಬಯಲುಗಣ್ಣು · ಜನವರಿ 4, ಭಾನುವಾರ, ರಾತ್ರಿ 7:55

ಇವತ್ತಿನ ವರದಿ. ಬೆಳಿಗ್ಗೆ ಮಂಜು ಎಂಟು ಗಂಟೆ ತನಕ ಬಿಡಲಿಲ್ಲ. ಕಾರೊಳಗೆ ಬೆಚ್ಚಗಿದ್ದ ಲೆನ್ಸ್ ಹೊರಗೆ ತಂದೆ, ಅದಕ್ಕೇನೂ ಆಗಲಿಲ್ಲ. ಚಳಿಗೆ ಮಂಕಿ ಕ್ಯಾಪ್ ಎಳ್ಕೊಂಡು ಕಿಂಡಿ ಹತ್ರ ಉಸಿರು ಬಿಟ್ಟಿದ್ದೇ ತಪ್ಪು, ವ್ಯೂಫೈಂಡರ್ ಪೂರ್ತಿ ಮಬ್ಬು.

8:20ಕ್ಕೆ ಗಂಡು ಬಂತು. ಜಾಲಿ ಗಿಡದ ಎಡಕ್ಕೆ, 600ರಲ್ಲಿ, 1/2500, ಮೈನಸ್ ಮುಕ್ಕಾಲು. ಒಂಬತ್ತು ಫ್ರೇಮ್. ಮೂರರಲ್ಲಿ ಫೋಕಸ್ ಹಿಂದಿನ ಕೂಳೆಗೆ ಹೋಗಿದೆ. ಐದನೆಯದು ಕೆಳಗೆ ಹಾಕಿದ್ದೀನಿ ನೋಡಿ, ಎಡ ರೆಕ್ಕೆ ಎತ್ತಿರೋದು, ಆ ಕಪ್ಪು ಬೆಣೆ ಒಂದೊಂದು ಗರಿಯೂ ಕಾಣುತ್ತೆ. ಆಮೇಲೆ ತಾನಾಗೇ ಹೊರಳಿ ಕಳ್ಳೆಕಾಯಿ ಹೊಲಕ್ಕೆ ಹೋಯ್ತು. ಈ ಸಲ ನನಗೆ ಹೆದರಿ ಅಲ್ಲ, ಅಲ್ಲೇನೋ ಅಲ್ಲಾಡಿತ್ತು.

ಮರೆಯನ್ನ ಸಂಕ್ರಾಂತಿಗೆ ಮುಂಚೆ ಬಿಚ್ಚಬೇಕು, ಯಜಮಾನರಿಗೆ ರಾಗಿ ಹುಲ್ಲು ದನಕ್ಕೆ ಬೇಕಂತೆ. ಕಂಬಳಿ ವಾಪಸ್ ಕೊಟ್ಟೆ. ಫೋಟೋ ತೋರಿಸಿದೆ, ಕನ್ನಡಕ ಹಾಕ್ಕೊಂಡು ನೋಡಿ, "ಚೆನ್ನಾಗೈತೆ, ನಮ್ಮ ಹುಡುಗಿದು ಯಾವಾಗ?" ಅಂದ್ರು.

ಅರ್ಧ ಗಂಟೆ ಅವಳ ಹಿಂದೆ ಓಡಾಡಿದೆ. ನಾಲ್ಕು ವರ್ಷದ ಮಗು. ಕ್ಯಾಮೆರಾ ಎತ್ತಿದ ತಕ್ಷಣ ಅಜ್ಜಿ ಸೆರಗಿನೊಳಗೆ. ಒಂದೂ ಸರಿಯಾಗಿ ಬಂದಿಲ್ಲ.

---

ಕೆರೆದಂಡೆ · ಜನವರಿ 4, ರಾತ್ರಿ 8:20

ಐದನೇ ಫ್ರೇಮ್ ಗೋಡೆಗೆ ಹಾಕೋ ಹಾಗಿದೆ.

ಮಗುವಿಗೆ ಆ ಪಿವಿಸಿ ಪೈಪ್ ಕೊಟ್ಟು ಬನ್ನಿ, ಒಂದು ವಾರ ಆಡ್ಕೊಳ್ಳಲಿ.

---

ಕುರಿಹಟ್ಟಿ · ಜನವರಿ 4, ರಾತ್ರಿ 8:34

ಕಂಬ್ಳಿ ವಾಪಸ್ ಕೊಡಬಾರ್ದಿತ್ತು ಅಣ್ಣ.